ಪರೀಕ್ಷೆ ಮುಗಿದ ಮೇಲೂ ತೆರೆದಿರಬೇಕಾದ ಬಾಗಿಲು

2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ಯಾದಗಿರಿ ಜಿಲ್ಲೆ ರಾಜ್ಯಕ್ಕೆ ಕೊನೆಯದಾಗಿತ್ತು. ತೇರ್ಗಡೆಯಾದವರು ಶೇ 50.59. ಶಿಕ್ಷಕರ ಕೊರತೆ, ಮಕ್ಕಳ ಗೈರುಹಾಜರಿ, ಗುಳೆ, ಹತ್ತಿ ಬಿಡಿಸುವ ಸುಗ್ಗಿ: ಕಾರಣಗಳ ಪಟ್ಟಿ ಈ ಭಾಗದವರಿಗೆಲ್ಲ ಬಾಯಿಪಾಠ. ಆದರೆ ಅದರ ಮುಂದಿನ ಪ್ರಶ್ನೆಗೆ ನಾವು ಬರುವುದೇ ಇಲ್ಲ. ಫೇಲಾದ ಹುಡುಗ, ಫೇಲಾದ ಹುಡುಗಿ ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು?

ಶಾಲೆ ಮುಗಿದಿದೆ. ಕಾಲೇಜು ಇನ್ನೂ ಸೇರಿಸಿಕೊಳ್ಳುವುದಿಲ್ಲ. ಹಾಸ್ಟೆಲಿನಲ್ಲಿ ಜಾಗ ಬೇಕೆಂದರೆ ಎಲ್ಲಾದರೂ ದಾಖಲಾಗಿರಬೇಕು. ಅದೇ ವರ್ಷ ಮತ್ತೆ ಬರೆಯುವ ಅವಕಾಶ ಈಗ ಇದೆ ನಿಜ. ಆದರೆ ಓದಲು ಕೂರುವುದಕ್ಕೆ ಒಂದು ಜಾಗ, ಗೊತ್ತಾಗದ್ದನ್ನು ಕೇಳುವುದಕ್ಕೆ ಒಬ್ಬ ಮನುಷ್ಯ, ತಿರುವಿ ನೋಡಲು ನಾಲ್ಕು ಪುಸ್ತಕ ಬೇಕಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವ ಮನೆಯಲ್ಲಿ ಇವು ಸಿಗುವುದಿಲ್ಲ. ಆ ಹೊತ್ತಿನಲ್ಲಿ ಟಿ.ಸಿ. ಕೇಳದೆ, ಅಂಕಪಟ್ಟಿ ಕೇಳದೆ ‘ಬಾ ತಮ್ಮಾ, ಕುಂದ್ರು’ ಎಂದು ಒಳಗೆ ಕರೆಯಬಲ್ಲ ಸರ್ಕಾರಿ ಬಾಗಿಲು ಸಾರ್ವಜನಿಕ ಗ್ರಂಥಾಲಯದ್ದು.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಆ ಬಾಗಿಲುಗಳಿವೆ. ಹಳ್ಳಿಗಳಲ್ಲೂ ಇವೆ. ಆದರೆ ಒಂದೊಂದೂ ತನ್ನಷ್ಟಕ್ಕೆ ತಾನು ತೆರೆದು ತನ್ನಷ್ಟಕ್ಕೆ ತಾನು ಮುಚ್ಚುತ್ತದೆ. ಅವುಗಳ ಒಳಗೆ ಕೂತ ಗ್ರಂಥಪಾಲಕರು, ಮೇಲ್ವಿಚಾರಕರು ಒಬ್ಬರಿಗೊಬ್ಬರು ಕೈಜೋಡಿಸಿದರೆ ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನ ನಮ್ಮ ಮಕ್ಕಳಿಗೆ ಏನೇನು ಸಿಗಬಹುದು, ಅದಕ್ಕೆ ಏನು ಬೇಕು ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಒಬ್ಬ ಓದುಗ, ನಾಲ್ಕು ಕೀಲಿಕೈ

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಣ. ಹಳ್ಳಿಯಲ್ಲಿ ಇರುವುದು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ. ಈಗ ಅದನ್ನು ‘ಅರಿವು ಕೇಂದ್ರ’ ಎನ್ನುತ್ತೇವೆ. ರಾಜ್ಯದಲ್ಲಿ ಇಂಥವು ಐದೂವರೆ ಸಾವಿರಕ್ಕೂ ಹೆಚ್ಚು. ಮೊದಲು ಇವು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯ ಮತ್ತು ಯಾದಗಿರಿಯ ಜಿಲ್ಲಾ ಕೇಂದ್ರ ಗ್ರಂಥಾಲಯ ಇಂದಿಗೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯವು. ಪ್ರೌಢಶಾಲೆಯ ಕಪಾಟಿನ ಪುಸ್ತಕ ಶಾಲಾ ಶಿಕ್ಷಣ ಇಲಾಖೆಯದು. ಹಾಸ್ಟೆಲಿನ ಓದುವ ಕೋಣೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯದು.

ಈಗ ಒಬ್ಬ ವಿದ್ಯಾರ್ಥಿಯ ದಾರಿ ನೋಡಿ. ಎಂಟನೇ ತರಗತಿಯವರೆಗೆ ಅವಳು ಶಹಾಪುರ ತಾಲ್ಲೂಕಿನ ಗೋಗಿಯಲ್ಲೋ ದೋರನಹಳ್ಳಿಯಲ್ಲೋ ಅರಿವು ಕೇಂದ್ರದ ಸದಸ್ಯೆ. ಒಂಬತ್ತಕ್ಕೆ ಶಹಾಪುರದ ಹಾಸ್ಟೆಲಿಗೆ ಬರುತ್ತಾಳೆ. ಹಳ್ಳಿಯ ಕಾರ್ಡು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಿಯುಸಿಗೆ ಯಾದಗಿರಿ, ಮತ್ತೆ ಹೊಸಬಳು. ನಡುವೆ ಒಂದು ವರ್ಷ ಫೇಲಾಗಿ ಮನೆಗೆ ಮರಳಿದರೆ ಅವಳು ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಅವಳು ಏನು ಓದಿದಳು, ಯಾವುದು ಹಿಡಿಸಿತು, ಮುಂದೆ ಯಾವುದನ್ನು ಕೊಡಬಹುದು ಎಂಬುದು ಹಳ್ಳಿಯ ಮೇಲ್ವಿಚಾರಕರ ತಲೆಯಲ್ಲಿದೆ. ಅದು ತಾಲ್ಲೂಕಿಗೆ ತಲುಪುವ ದಾರಿಯೇ ಇಲ್ಲ. ಇಲಾಖೆ ನಾಲ್ಕು, ಓದುವವಳು ಒಬ್ಬಳೇ. ಈ ವಯಸ್ಸಿನವರು ಕೈತಪ್ಪಿ ಹೋಗುವುದು ಇಂಥ ಸಂದುಗಳಲ್ಲೇ.

ಹದಿಹರೆಯಕ್ಕೇ ಯಾಕೆ ಬೇರೆ ಗಮನ?

ಸಣ್ಣ ಮಕ್ಕಳ ವಿಷಯದಲ್ಲಿ ಕರ್ನಾಟಕ ಒಳ್ಳೆಯ ಕೆಲಸ ಮಾಡಿದೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಅದರಿಂದ ಲಕ್ಷಾಂತರ ಮಕ್ಕಳು ಮೊದಲ ಸಲ ಗ್ರಂಥಾಲಯದ ಹೊಸ್ತಿಲು ದಾಟಿದರು. ಗೋಡೆಗಳಿಗೆ ಬಣ್ಣ ಬಂತು, ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಚಿತ್ರ ಬಿಡಿಸುವುದು ಆರಂಭವಾಯಿತು.

ಆದರೆ ಆರು ವರ್ಷದ ಮಗುವಿಗೆ ಹಿಡಿಸುವುದು ಹದಿನಾರರ ಹುಡುಗನಿಗೆ ಹಿಡಿಸುವುದಿಲ್ಲ. ಕಾರ್ಟೂನ್ ಬಿಡಿಸಿದ ಗೋಡೆಯ ಕೆಳಗೆ, ಪುಟ್ಟ ಬಣ್ಣದ ಕುರ್ಚಿಯಲ್ಲಿ ಕೂರಲು ಅವನಿಗೆ ನಾಚಿಕೆ. ಆಚೆ ಬದಿಯಲ್ಲಿ ದಿನಪತ್ರಿಕೆ ಹಿಡಿದು ಕೂತ ಹಿರಿಯರ ನಡುವೆ ಅವನಿಗೆ ಸಂಕೋಚ. ಅವನಿಗಿಂತ ನಾಲ್ಕು ವರ್ಷ ದೊಡ್ಡವರು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೊಡನೆ ಮೂಲೆ ಹಿಡಿದಿರುತ್ತಾರೆ. ಮಕ್ಕಳ ವಿಭಾಗಕ್ಕೂ ದೊಡ್ಡವರ ವಿಭಾಗಕ್ಕೂ ನಡುವೆ ಅವನಿಗೆಂದು ಒಂದು ಕಪಾಟು, ಒಂದು ಬೆಂಚು, ಒಂದು ಗಂಟೆ ಇರುವ ಗ್ರಂಥಾಲಯಗಳು ವಿರಳ.

ನಮ್ಮ ಜಿಲ್ಲೆಯಲ್ಲಿ ಇದು ಇನ್ನಷ್ಟು ಗಂಭೀರ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಹುಟ್ಟಿದ ಈ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.83. ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದು ಶೇ 41ರ ಆಸುಪಾಸು. ಆ ಗಣತಿಯ ಅಕ್ಕತಂಗಿಯರು, ಅತ್ತಿಗೆ ನಾದಿನಿಯರೇ ಇಂದಿನ ಹದಿಹರೆಯದವರ ತಾಯಂದಿರು. ಎಂದರೆ ಸಾವಿರಾರು ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟು ಇನ್ನೊಂದು ಪುಸ್ತಕ ಓದುತ್ತಿರುವ ಮೊದಲ ಮನುಷ್ಯ ಈ ಹದಿನೈದರ ಮಗು. ‘ಇದನ್ನು ಓದು, ಚೆನ್ನಾಗಿದೆ’ ಎಂದು ಹೇಳಲು ಮನೆಯಲ್ಲಿ ಯಾರೂ ಇಲ್ಲ. ಆ ಮಾತನ್ನು ಹೇಳಬೇಕಾದವರು ಗ್ರಂಥಪಾಲಕರು.

ಈ ವಯಸ್ಸಿನ ಪ್ರಶ್ನೆಗಳೂ ಬೇರೆ. ಮೈಯಲ್ಲಿ ಆಗುವ ಬದಲಾವಣೆ, ಮುಂದೆ ಐಟಿಐ ಸೇರಲೋ ಪಿಯುಸಿಯೋ, ಮನೆಯಲ್ಲಿ ಮದುವೆ ಮಾತು ಎತ್ತಿದರೆ ಯಾರಿಗೆ ಹೇಳಲಿ, ಮೊಬೈಲಿನಲ್ಲಿ ಬಂದದ್ದು ನಿಜವೋ ಸುಳ್ಳೋ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕದ 2016ರ ತಿದ್ದುಪಡಿಯಂತೆ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಗತಿ ತಿಳಿದಿರುವ ಹುಡುಗಿಗೂ ತಿಳಿಯದ ಹುಡುಗಿಗೂ ಬದುಕಿನಲ್ಲಿ ಬಹಳ ವ್ಯತ್ಯಾಸವಾಗಬಹುದು. ಶಾಲೆಯಲ್ಲಿ ಕೇಳಲು ಅಂಜುವ ಪ್ರಶ್ನೆಗೆ ಗ್ರಂಥಾಲಯದ ಒಂದು ಪುಸ್ತಕ, ಗೋಡೆಯ ಮೇಲಿನ ಒಂದು ಹಾಳೆ ಉತ್ತರ ಕೊಡಬಲ್ಲದು.

ಜೊತೆಗೂಡಿದವರು ಕಟ್ಟಿದ್ದು

ಗ್ರಂಥಾಲಯ ಚಳವಳಿಯ ಇತಿಹಾಸ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬದಲಾವಣೆ ಬಂದದ್ದು ಪುಸ್ತಕದ ಮನುಷ್ಯರು ಒಟ್ಟಿಗೆ ಕೂತಾಗ.

1945ರಲ್ಲಿ ತಿರುವಾಂಕೂರಿನಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಿಕ್ಷಕರು 47 ಊರುಗಳ ಗ್ರಂಥಾಲಯಗಳನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಒಂದೊಂದೂ ಸಣ್ಣದೇ. ಸಂಘವಾದ ಮೇಲೆ ಅವಕ್ಕೆ ಬಲ ಬಂತು. ಅದೇ ಬೆಳೆದು ಇಂದಿನ ಕೇರಳ ಗ್ರಂಥಾಲಯ ಪರಿಷತ್ತಿನ ಬುನಾದಿಯಾಯಿತು. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಅಲ್ಲಿ ಓದಿನ ದಿನವಾಗಿ ಆಚರಿಸುತ್ತಾರೆ. ಪರಿಷತ್ತು ಪ್ರೌಢಶಾಲೆಯ ಮಕ್ಕಳಿಗೆ ಓದಿನ ಸ್ಪರ್ಧೆ ನಡೆಸುತ್ತದೆ.

ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಬಂಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋದರು. ಅದೇ ವರ್ಷ ಎಸ್.ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು ಎಂಬುದು ಅವುಗಳಲ್ಲಿ ಒಂದು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅಲ್ಲೇ ಕಟ್ಟಿದರು. ನಮ್ಮ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ಚಿಂತನೆ ಇದೆ.

ಅಮೆರಿಕದಲ್ಲಿ ಹದಿಹರೆಯದವರಿಗೆಂದೇ ಗ್ರಂಥಾಲಯ ಸೇವೆ ರೂಪುಗೊಂಡದ್ದೂ ಗ್ರಂಥಪಾಲಕರು ಹೊರಗೆ ಹೆಜ್ಜೆ ಇಟ್ಟಾಗ. 1919ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ ಮೇಬಲ್ ವಿಲಿಯಮ್ಸ್ ಅವರನ್ನು ಶಾಲೆಗಳ ಜೊತೆ ಕೆಲಸ ಮಾಡಲೆಂದೇ ನೇಮಿಸಿಕೊಂಡಿತು. ಬಾಲ್ಟಿಮೋರ್ ನಗರದಲ್ಲಿ ಮಾರ್ಗರೆಟ್ ಎಡ್ವರ್ಡ್ಸ್ ತಮ್ಮ ಕಿರಿಯ ಸಹೋದ್ಯೋಗಿಗಳಿಗೆ ಮೊದಲು ತಾವೇ ಓದುವ ಶಿಸ್ತು ಕಲಿಸಿದರು. ಆಮೇಲೆ ಪ್ರೌಢಶಾಲೆಗಳಿಗೆ ಕಳಿಸಿ ಪುಸ್ತಕಗಳ ಬಗ್ಗೆ ಮಾತಾಡಿಸಿದರು. ಬಡ ಬಡಾವಣೆಗಳಿಗೆ ಕುದುರೆ ಬಂಡಿಯಲ್ಲಿ ಪುಸ್ತಕ ಒಯ್ದರು. ಅವರು ನಂಬಿದ್ದು ಇಷ್ಟು: ಗ್ರಂಥಪಾಲಕ ಓದದಿದ್ದರೆ ಹುಡುಗರು ಓದುವುದಿಲ್ಲ.

ನಮ್ಮ ನೆಲಕ್ಕೂ ಇಂಥ ಪರಂಪರೆ ಹೊಸದಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತ, ಕೋರ್ಟು, ಶಾಲೆ ಎಲ್ಲೆಡೆ ಉರ್ದು ಇದ್ದ ಕಾಲದಲ್ಲಿ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಕನ್ನಡ ಸಾಹಿತ್ಯ ಸಂಘ ಕಟ್ಟಿ ಕನ್ನಡದ ಓದನ್ನು ಉಳಿಸಿದರು. 1955ರಲ್ಲಿ ಹೈದರಾಬಾದ್ ರಾಜ್ಯ ತನ್ನದೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಆಗ ಯಾದಗಿರಿ, ಶಹಾಪುರ, ಸುರಪುರ ಆ ರಾಜ್ಯದಲ್ಲೇ ಇದ್ದವು. ಅಂದರೆ ಮೈಸೂರು ರಾಜ್ಯಕ್ಕೆ ಗ್ರಂಥಾಲಯ ಕಾಯ್ದೆ ಬರುವುದಕ್ಕೆ ಹತ್ತು ವರ್ಷ ಮೊದಲೇ ನಮ್ಮ ಊರುಗಳ ಮೇಲೆ ಅಂಥ ಕಾಯ್ದೆಯೊಂದು ಇತ್ತು. ಮೊದಲೇ ಹೊರಟವರು ನಾವು; ಈಗ ಹಿಂದೆ ಉಳಿದಿದ್ದೇವೆ.

ಪುಸ್ತಕ ಊರೂರು ಸುತ್ತಲಿ

ಜೊತೆಗೂಡುವುದು ಎಂದರೆ ದೊಡ್ಡ ಯೋಜನೆಯೇ ಆಗಬೇಕಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಗೋಗಿ, ಸಗರ, ದೋರನಹಳ್ಳಿ, ಚಾಮನಾಳ, ಹತ್ತಿಗೂಡೂರು: ಈ ಐದು ಊರಿನ ಅರಿವು ಕೇಂದ್ರಗಳವರು ಹದಿಹರೆಯದವರಿಗೆ ಹಿಡಿಸುವ ತಲಾ 40 ಪುಸ್ತಕ ಆರಿಸುತ್ತಾರೆ ಎಂದುಕೊಳ್ಳಿ. ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಆರಿಸಬಾರದು. ತಿಂಗಳಿಗೊಮ್ಮೆ ಆ ಪುಸ್ತಕಗಳ ಪೆಟ್ಟಿಗೆ ಮುಂದಿನ ಊರಿಗೆ ಹೋಗುತ್ತದೆ. ಐದು ತಿಂಗಳಲ್ಲಿ ಪ್ರತಿ ಊರಿನ ಮಕ್ಕಳೂ 200 ಪುಸ್ತಕ ನೋಡಿರುತ್ತಾರೆ. ಹೊಸದಾಗಿ ಒಂದು ರೂಪಾಯಿಯ ಪುಸ್ತಕವನ್ನೂ ಕೊಳ್ಳಬೇಕಾಗಿಲ್ಲ. ಸಾಗಿಸಲು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಗಿರುವುದರಿಂದ ಮಹಿಳಾ ಮೇಲ್ವಿಚಾರಕರು ಇನ್ನೊಂದು ಊರಿಗೆ ಹೋಗಿ ಬರುವುದಕ್ಕೂ ದುಡ್ಡಿನ ಚಿಂತೆ ಇಲ್ಲ.

ಇದಕ್ಕೆ ಬೇಕಾದದ್ದು ಎರಡು. ಒಂದು, ಯಾವ ಪುಸ್ತಕ ಯಾವ ಊರಿನಲ್ಲಿದೆ ಎಂಬ ಒಂದೇ ವಹಿ. ಎರಡು, ಪುಸ್ತಕ ಹರಿದರೆ, ಕಳೆದರೆ ಮೇಲ್ವಿಚಾರಕರ ಕೈಯಿಂದ ದುಡ್ಡು ಕಟ್ಟಿಸುವುದಿಲ್ಲ ಎಂಬ ಲಿಖಿತ ಭರವಸೆ. ಈ ಭಯ ಇರುವವರೆಗೆ ಪುಸ್ತಕ ಬೀಗ ಹಾಕಿದ ಕಪಾಟಿನಲ್ಲೇ ಇರುತ್ತದೆ. ಓದಿ ಓದಿ ಹರಿದ ಪುಸ್ತಕ ಗ್ರಂಥಾಲಯಕ್ಕೆ ನಷ್ಟವಲ್ಲ. ಅದು ಕೆಲಸ ಮಾಡಿದ ಪುಸ್ತಕ.

ಪೆಟ್ಟಿಗೆಯಲ್ಲಿ ಏನಿರಬೇಕು? ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತು ‘ಪರಿಸರದ ಕತೆ’, ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಇವೆಲ್ಲ ಹದಿನೈದರ ವಯಸ್ಸಿಗೆ ನೇರವಾಗಿ ತಲುಪುತ್ತವೆ. ಕಲಬುರಗಿ ಸೀಮೆಯ ಮಾತನ್ನೇ ಬರವಣಿಗೆಗೆ ತಂದ ಗೀತಾ ನಾಗಭೂಷಣ ಅವರಿಗೆ ‘ಬದುಕು’ ಕಾದಂಬರಿಗಾಗಿ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಮನೆಯಲ್ಲಿ ಆಡುವ ಮಾತಿಗೆ ಪುಸ್ತಕದಲ್ಲೂ ಜಾಗವಿದೆ ಎಂದು ಇಲ್ಲಿನ ಹುಡುಗಿಗೆ ಗೊತ್ತಾಗಬೇಕು. ಗುರುಮಠಕಲ್ ಕಡೆ ತೆಲುಗು, ಪಟ್ಟಣಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಉರ್ದು ಶಾಲೆಯ ಮಗುವಿಗೂ ಪೆಟ್ಟಿಗೆಯಲ್ಲಿ ಪಾಲಿರಬೇಕು. ಕ್ರಿಕೆಟ್, ಸಿನಿಮಾ, ವಿಜ್ಞಾನ, ಮೋಟಾರು ರಿಪೇರಿ ಬಗೆಗಿನ ಪುಸ್ತಕಗಳೂ ಬರಲಿ. ಕಾದಂಬರಿ ಓದುವವನೇ ಓದುಗ ಎಂಬ ಭಾವನೆ ಬೇಡ.

ಮನುಷ್ಯರ ಜೋಡಣೆ

ಪುಸ್ತಕಕ್ಕಿಂತ ಮುಖ್ಯವಾದದ್ದು ಮನುಷ್ಯರ ಓಡಾಟ. ಅರಿವು ಕೇಂದ್ರದಲ್ಲಿ ಇರುವುದು ಒಬ್ಬರೇ ಮೇಲ್ವಿಚಾರಕರು. ಕಸ ಗುಡಿಸುವುದು, ಪತ್ರಿಕೆ ಜೋಡಿಸುವುದು, ಸದಸ್ಯರನ್ನು ನೋಂದಾಯಿಸುವುದು, ಫೋಟೊ ತೆಗೆದು ಮೇಲಿನವರಿಗೆ ಕಳಿಸುವುದು ಎಲ್ಲವೂ ಅವರದೇ. ಅವರು ಒಂದು ದಿನ ಜ್ವರ ಬಂದು ಮಲಗಿದರೆ ಊರಿನ ಗ್ರಂಥಾಲಯವೇ ಮಲಗುತ್ತದೆ. ಅವರಿಗೆ ಗೌರವದ ಸಂಬಳ ಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಅದರ ಜೊತೆಗೆ ತಮ್ಮ ಕೆಲಸದ ಬಗ್ಗೆ ಮಾತಾಡಿಕೊಳ್ಳಲು ಒಂದು ಬಳಗವೂ ಬೇಕು.

ಆದ್ದರಿಂದ ಮೊದಲನೆಯದಾಗಿ, ತಿಂಗಳಿಗೊಮ್ಮೆ ತಾಲ್ಲೂಕಿನಲ್ಲಿ ಎಲ್ಲ ಗ್ರಂಥಪಾಲಕರೂ ಸೇರಲಿ. ಪಂಚಾಯಿತಿಯವರು, ಶಾಖಾ ಗ್ರಂಥಾಲಯದವರು, ಪ್ರೌಢಶಾಲೆಯಲ್ಲಿ ಪುಸ್ತಕದ ಹೊಣೆ ಹೊತ್ತ ಶಿಕ್ಷಕರು, ಕಾಲೇಜಿನ ಗ್ರಂಥಪಾಲಕರು, ಹಾಸ್ಟೆಲ್ ವಾರ್ಡನ್ನರು ಎಲ್ಲರೂ ಇರಲಿ. ಈ ಸಭೆ ಅಂಕಿಅಂಶ ಒಪ್ಪಿಸುವ ಸಭೆ ಆಗಬಾರದು. ಪ್ರತಿಯೊಬ್ಬರೂ ಆ ತಿಂಗಳು ತಾವು ಓದಿದ ಒಂದು ಪುಸ್ತಕದ ಬಗ್ಗೆ ಐದು ನಿಮಿಷ ಮಾತಾಡಲಿ. ಯಾವ ಕಾರ್ಯಕ್ರಮಕ್ಕೆ ಹುಡುಗರು ಬಂದರು, ಯಾವುದಕ್ಕೆ ಬರಲಿಲ್ಲ ಎಂದು ಹೇಳಿಕೊಳ್ಳಲಿ. ತಾಲ್ಲೂಕು ತಾಲ್ಲೂಕುಗಳೂ ಮಾತಾಡಿಕೊಂಡು, ಸುರಪುರದಲ್ಲಿ ನಡೆದದ್ದು ಯಾದಗಿರಿಯ ಸೈದಾಪುರದವರಿಗೆ ಗೊತ್ತಾಗಲಿ.

ಎರಡನೆಯದು, ತಾಲ್ಲೂಕಿನ ಗ್ರಂಥಪಾಲಕರು ಹಾಸ್ಟೆಲಿಗೆ ಹೋಗಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ ನೂರಾರು ಹದಿಹರೆಯದವರು ಒಂದೇ ಕಡೆ ಇದ್ದಾರೆ. ಸಂಜೆ ಊಟಕ್ಕೆ ಮೊದಲಿನ ಒಂದು ಗಂಟೆ ಸಿಕ್ಕರೆ ಸಾಕು. ಹತ್ತು ಪುಸ್ತಕ ತೆಗೆದುಕೊಂಡು ಹೋಗಿ ಪ್ರತಿಯೊಂದರ ಕಥೆಯನ್ನು ಕುತೂಹಲದ ಜಾಗದಲ್ಲಿ ನಿಲ್ಲಿಸಿ ಬಂದರೆ ಮರುದಿನ ಆ ಪುಸ್ತಕಕ್ಕೆ ಕೈ ಚಾಚುವವರು ಇದ್ದೇ ಇರುತ್ತಾರೆ.

ಮೂರನೆಯದು, ಹುಡುಗರನ್ನೂ ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಪ್ರತಿ ಗ್ರಂಥಾಲಯದಲ್ಲೂ ಐದಾರು ಹದಿಹರೆಯದವರ ಓದುಗ ಬಳಗ ಇರಲಿ. ಯಾವ ಪತ್ರಿಕೆ ತರಿಸಬೇಕು, ಶನಿವಾರ ಏನು ಮಾಡಬೇಕು ಎಂದು ಅವರೇ ಹೇಳಲಿ. ಚಿಕ್ಕ ಮಕ್ಕಳಿಗೆ ಅವರೇ ಕಥೆ ಓದಲಿ. ತನ್ನದೆನಿಸಿದ ಜಾಗಕ್ಕೆ ಆ ವಯಸ್ಸಿನವರು ಕರೆಯದಿದ್ದರೂ ಬರುತ್ತಾರೆ.

ಈ ಕೆಲಸಕ್ಕೆ ಅನುಭವದ ನೆರವೂ ನಮ್ಮ ಜಿಲ್ಲೆಯಲ್ಲೇ ಇದೆ. ಸುರಪುರದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸುಮಾರು ಎರಡು ದಶಕಗಳಿಂದ ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುತ್ತಿದೆ. ಟಾಟಾ ಟ್ರಸ್ಟ್ಸ್ ಬೆಂಬಲದ ‘ಕಲಿಕೆ’ ಸಂಸ್ಥೆ ಯಾದಗಿರಿಯಲ್ಲಿ ಶಾಲಾ ಗ್ರಂಥಾಲಯಗಳಲ್ಲಿ ತೊಡಗಿಕೊಂಡಿದೆ. ಪುಸ್ತಕವನ್ನು ಮಕ್ಕಳ ಮುಂದೆ ಹೇಗೆ ತೆರೆಯಬೇಕು ಎಂದು ಬಲ್ಲವರು ಪಕ್ಕದ ಬೀದಿಯಲ್ಲೇ ಇರುವಾಗ ಅವರ ಜೊತೆ ಕೂತು ಕಲಿಯಲು ಬೆಂಗಳೂರಿನ ಆದೇಶಕ್ಕೆ ಕಾಯಬೇಕಿಲ್ಲ.

ಏಪ್ರಿಲ್, ಮೇ ಮತ್ತು ಗುಳೆಯ ತಿಂಗಳುಗಳು

ಗ್ರಂಥಾಲಯದ ಕಾರ್ಯಕ್ರಮಗಳು ನಮ್ಮಲ್ಲಿ ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ತುಂಬಿರುತ್ತವೆ. ಭಾಷಣ, ರಂಗೋಲಿ, ಬಹುಮಾನ ಎಲ್ಲವೂ ಒಂದು ವಾರದಲ್ಲಿ ಮುಗಿಯುತ್ತದೆ. ಆದರೆ ಹದಿಹರೆಯದವರಿಗೆ ಗ್ರಂಥಾಲಯ ಅತಿ ಹೆಚ್ಚು ಬೇಕಾಗುವುದು ಬೇರೆ ಎರಡು ಹೊತ್ತಿನಲ್ಲಿ. ಒಂದು, ಫೆಬ್ರುವರಿ–ಮಾರ್ಚ್: ಓದಲು ಬೆಳಕಿನ, ಶಬ್ದವಿಲ್ಲದ ಜಾಗ ಬೇಕಾದ ಕಾಲ. ಇನ್ನೊಂದು, ಏಪ್ರಿಲ್‌ನಿಂದ ಜೂನ್: ಪರೀಕ್ಷೆ ಮುಗಿದು, ಫಲಿತಾಂಶ ಬಂದು, ಪಾಸಾದವರು ದಾರಿ ಹುಡುಕುವ, ಫೇಲಾದವರು ದಾರಿ ಕಳೆದುಕೊಳ್ಳುವ ಕಾಲ. ಮದುವೆಯ ಮುಹೂರ್ತಗಳೂ ಆಗಲೇ. ಮುಂದೆ ಓದಿಸುವುದೋ ಬೇಡವೋ ಎಂದು ಮನೆಯಲ್ಲಿ ತೀರ್ಮಾನವಾಗುವುದೂ ಆಗಲೇ.

ಅದರಲ್ಲಿ ಹೆಚ್ಚಿನ ದಿನ ಶಾಲೆಗೆ ಬೇಸಿಗೆ ರಜೆ. ಈ ಮೂರು ತಿಂಗಳಲ್ಲಿ ಜಿಲ್ಲೆಯ ಎಲ್ಲ ತಾಲ್ಲೂಕುಗಳ ಗ್ರಂಥಾಲಯಗಳು ಒಂದು ಯೋಜನೆ ಹಾಕಿಕೊಂಡರೆ ಅದರ ಫಲ ದೊಡ್ಡದು. ಬೆಳಿಗ್ಗೆ ಬಿಸಿಲೇರುವ ಮೊದಲು ಎರಡು ಗಂಟೆ, ಮರುಪರೀಕ್ಷೆ ಬರೆಯುವವರಿಗೆ ಗುಂಪು ಓದು. ಊರಿನಲ್ಲಿ ರಜೆಗೆ ಬಂದ ಪದವಿ ವಿದ್ಯಾರ್ಥಿಗಳು ಗಣಿತ, ಇಂಗ್ಲಿಷ್ ಹೇಳಿಕೊಡಲಿ. ಒಂದು ದಿನ ಐಟಿಐ, ಡಿಪ್ಲೊಮಾ, ನರ್ಸಿಂಗ್ ಓದಿದವರು ಬಂದು ಅರ್ಜಿ ಹಾಕುವುದು ಹೇಗೆಂದು ತೋರಿಸಲಿ. ಫೇಲಾದವರನ್ನು ಮನೆಗೆ ಹೋಗಿ ಕರೆಯಬೇಕು. ಅವರು ತಾವಾಗಿ ಬರುವುದಿಲ್ಲ, ಮುಖ ತೋರಿಸಲು ಅಂಜುತ್ತಾರೆ. ಊರಿನ ಮಕ್ಕಳ ಹೆಸರು, ಮನೆ ಬಲ್ಲ ಮೇಲ್ವಿಚಾರಕರಿಗಿಂತ ಚೆನ್ನಾಗಿ ಈ ಕೆಲಸ ಬೇರೆ ಯಾರೂ ಮಾಡಲಾರರು.

ಗುಳೆಯ ಪ್ರಶ್ನೆ ಇನ್ನೂ ಕಠಿಣ. ಸುಗ್ಗಿ ಮುಗಿಯುತ್ತಲೇ ಇಲ್ಲಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಹದಿನಾಲ್ಕರ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಜೊತೆಗೆ ಹೋಗುತ್ತಾಳೆ. ಬೆಂಗಳೂರಿನ ಬಡಾವಣೆಗಳಲ್ಲೂ ಸರ್ಕಾರಿ ಗ್ರಂಥಾಲಯಗಳಿವೆ. ವಡಗೇರಾದ ಅರಿವು ಕೇಂದ್ರದ ಕಾರ್ಡು ತೋರಿಸಿದರೆ ಬೆಂಗಳೂರಿನ ಶಾಖಾ ಗ್ರಂಥಾಲಯದಲ್ಲಿ ಕೂರಿಸಿ ಪುಸ್ತಕ ಕೊಡುವಂತಾದರೆ, ಆ ಹುಡುಗಿಯ ಓದು ತುಂಡಾಗುವುದಿಲ್ಲ. ರಾಜ್ಯಕ್ಕೆಲ್ಲ ನಡೆಯುವ ಒಂದು ಓದುಗ ಕಾರ್ಡು ತರಲು ಎರಡು ಇಲಾಖೆಗಳು ಕೂತು ಮಾತಾಡಬೇಕು. 2020ರಿಂದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿರುವ ರಾಜ್ಯಕ್ಕೆ ಇದು ಅಸಾಧ್ಯದ ತಂತ್ರಜ್ಞಾನವೇನಲ್ಲ.

ಹುಡುಗಿಯರ ಬೆಂಚು

ಯಾವುದೇ ಪಟ್ಟಣದ ವಾಚನಾಲಯಕ್ಕೆ ಸಂಜೆ ಹೋಗಿ ನೋಡಿ. ಬೆಂಚು ತುಂಬ ಗಂಡಸರು. ಹುಡುಗಿಯರಿಗೆ ‘ಬರಬೇಡ’ ಎಂದು ಯಾರೂ ಹೇಳಿಲ್ಲ, ಆದರೂ ಅವರು ಬರುವುದಿಲ್ಲ. ಶೌಚಾಲಯ ಇಲ್ಲದ, ದಾರಿದೀಪ ಇಲ್ಲದ, ಒಳಗೆ ಇನ್ನೊಬ್ಬ ಹೆಣ್ಣುಮಗಳು ಕಾಣದ ಜಾಗಕ್ಕೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಇದನ್ನು ಸರಿಪಡಿಸಲು ವಾರದಲ್ಲಿ ಎರಡು ದಿನ ಮಧ್ಯಾಹ್ನದ ಹೊತ್ತು ಹುಡುಗಿಯರಿಗೆ ಮೀಸಲಿಡಬಹುದು. ಆ ಹೊತ್ತಿಗೆ ಆಶಾ ಕಾರ್ಯಕರ್ತೆಯೋ ಶಿಕ್ಷಕಿಯೋ ಜೊತೆಗಿರಬಹುದು. ಮೇಲ್ವಿಚಾರಕರು ಪುರುಷರಾಗಿದ್ದರೆ ಪಕ್ಕದ ಪಂಚಾಯಿತಿಯ ಮಹಿಳಾ ಮೇಲ್ವಿಚಾರಕರು ಆ ದಿನ ಇಲ್ಲಿಗೆ ಬರಬಹುದು. ಗ್ರಂಥಪಾಲಕರು ಜೊತೆಗೂಡಿದರೆ ಮಾತ್ರ ಸಾಧ್ಯವಾಗುವ ಕೆಲಸ ಇದು.

ನಮ್ಮ ನೆಲದ ಕಪಾಟು

ಜಿಲ್ಲೆಯ ಎಲ್ಲ ತಾಲ್ಲೂಕಿನ ಹುಡುಗರು ಸೇರಿ ಮಾಡಬಹುದಾದ ಒಂದು ಕೆಲಸವಿದೆ. ಅದು ತಮ್ಮ ಊರಿನ ಚರಿತ್ರೆ ಬರೆಯುವುದು. ವಸ್ತುವಿಗೆ ಕೊರತೆಯೇ ಇಲ್ಲ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆದು ತೋರಿಸಿದ್ದು ಹತ್ತು ಲಕ್ಷ ವರ್ಷಕ್ಕೂ ಹಿಂದಿನ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಜಾಗ. ಮುದನೂರು ಆದ್ಯ ವಚನಕಾರ ದೇವರ ದಾಸಿಮಯ್ಯನ ಊರು. ಕೊಡೇಕಲ್ಲಿನಲ್ಲಿ ಅಮರಗನ್ನಡ ಎಂಬ ವಿಶಿಷ್ಟ ಲಿಪಿಯ ಕಾಲಜ್ಞಾನ ಹಸ್ತಪ್ರತಿಗಳಿವೆ. ತಿಂಥಣಿಯಲ್ಲಿ ಸಂತ ಮೌನೇಶ್ವರ. ಸುರಪುರದಲ್ಲಿ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕ. ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡು, ತನ್ನ ಬದುಕಿನ ಕಥೆ ಬರೆದಿಟ್ಟ ಮೆಡೋಸ್ ಟೇಲರ್. ಶಹಾಪುರದ ಬುದ್ಧ ಮಲಗಿದ ಬೆಟ್ಟ, ಯಾದಗಿರಿಯ ಕೋಟೆ.

ಒಂದೊಂದು ಗ್ರಂಥಾಲಯದ ಬಳಗ ತನ್ನ ಊರಿನ ಹಿರಿಯರನ್ನು ಮಾತಾಡಿಸಿ, ಶಾಸನ, ಬಾವಿ, ಜಾತ್ರೆ, ಮಸೀದಿ, ಗುಡಿಗಳ ವಿವರ ಬರೆದು ಹತ್ತು ಪುಟದ ಪುಸ್ತಿಕೆ ಮಾಡಲಿ. ಅವು ಎಲ್ಲ ಗ್ರಂಥಾಲಯಗಳಿಗೂ ಹೋಗಲಿ. ತಾನು ಬರೆದದ್ದನ್ನು ಇನ್ನೊಂದು ಊರಿನ ಹುಡುಗ ಓದುತ್ತಾನೆ ಎಂದು ತಿಳಿದ ಮಗು ಬರವಣಿಗೆಗೆ ಅಂಜುವುದಿಲ್ಲ. ರಾಜ್ಯದ ಕೊನೆಯ ಜಿಲ್ಲೆ ಎಂದು ಕೇಳಿ ಕೇಳಿ ಬೆಳೆದ ಮಕ್ಕಳಿಗೆ ತಮ್ಮ ನೆಲದ ಬಗ್ಗೆ ಹೆಮ್ಮೆ ಹುಟ್ಟಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಹಣ ಎಲ್ಲಿಂದ?

ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಮನೆಗಂದಾಯದ ರಸೀದಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಆದರೆ ಇದರಲ್ಲೇ ಒಂದು ಅಸಮಾನತೆ ಅಡಗಿದೆ. ಆಸ್ತಿಯ ಬೆಲೆ ಹೆಚ್ಚಿರುವ ಬೆಂಗಳೂರಿನಲ್ಲಿ ಕರ ಹೆಚ್ಚು. ಮಣ್ಣಿನ ಮನೆಗಳ ಹಳ್ಳಿಯಲ್ಲಿ ಅದು ಕೈಗೆ ಸಿಗದಷ್ಟು ಕಡಿಮೆ. ಹೆಚ್ಚು ಗ್ರಂಥಾಲಯ ಬೇಕಾದ ಜಾಗದಲ್ಲೇ ಕಡಿಮೆ ಹಣ. ಈ ಅಂತರ ತುಂಬಬೇಕಾದದ್ದು ಸರ್ಕಾರ. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯ ರಕ್ಷಣೆ ಬಂದಿದೆ, ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಯಾದಗಿರಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ರಸ್ತೆ, ಕಟ್ಟಡಕ್ಕೆ ಹರಿಯುವ ಹಣದಲ್ಲಿ ಒಂದು ಸಣ್ಣ ಪಾಲು ಪ್ರತಿ ಗ್ರಂಥಾಲಯದ ಹದಿಹರೆಯದ ಕಪಾಟಿಗೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ, ಮೇಲ್ವಿಚಾರಕರ ತರಬೇತಿಗೆ ಮೀಸಲಾಗಲಿ. ಕಟ್ಟಡ ಕಟ್ಟಿ ಉದ್ಘಾಟನೆ ಮಾಡಿದರೆ ಗ್ರಂಥಾಲಯ ಆಗುವುದಿಲ್ಲ. ಒಳಗೆ ಕೂತವರಿಗೆ ಕೆಲಸ ಮಾಡುವ ಶಕ್ತಿ ಕೊಟ್ಟರೆ ಆಗುತ್ತದೆ.

ಗ್ರಂಥಾಲಯಗಳು ಒಂದಾದ ಮಾತ್ರಕ್ಕೆ ಮುಂದಿನ ವರ್ಷ ಯಾದಗಿರಿ ಫಲಿತಾಂಶದಲ್ಲಿ ಮೇಲೇರುತ್ತದೆ ಎಂದು ನಾನು ಹೇಳುವುದಿಲ್ಲ. ಖಾಲಿ ಇರುವ ಶಿಕ್ಷಕರ ಹುದ್ದೆಯನ್ನು ಗ್ರಂಥಾಲಯ ತುಂಬಲಾರದು, ಗುಳೆಯನ್ನು ನಿಲ್ಲಿಸಲಾರದು. ಆದರೆ ಜಾರಿ ಬೀಳುವ ಮಗುವನ್ನು ಹಿಡಿಯುವ ಕೈ ಒಂದಾದರೂ ಇರಬೇಕು. ಆ ಕೈಗಳು ಈಗಾಗಲೇ ಪ್ರತಿ ಪಂಚಾಯಿತಿಯಲ್ಲಿವೆ. ಅವು ಒಂದನ್ನೊಂದು ಹಿಡಿದುಕೊಳ್ಳಬೇಕು, ಅಷ್ಟೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಈ ಸಲ ನಿಮ್ಮ ಮನೆಯ, ಓಣಿಯ ಹದಿಹರೆಯದವರನ್ನು ಅಲ್ಲಿಗೆ ಕಳಿಸಿ. ನಮ್ಮ ಗ್ರಂಥಾಲಯಕ್ಕೆ ನಮ್ಮ ವಯಸ್ಸಿನ ಪುಸ್ತಕ ಬೇಕು, ಹುಡುಗಿಯರಿಗೆ ಹೊತ್ತು ಬೇಕು, ಬೇಸಿಗೆಯಲ್ಲಿ ಬಾಗಿಲು ತೆರೆದಿರಬೇಕು, ಪಕ್ಕದ ಊರಿನ ಪುಸ್ತಕ ನಮಗೂ ಸಿಗಬೇಕು ಎಂದು ಅವರೇ ಎದ್ದು ಕೇಳಲಿ. ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಗ್ರಂಥಪಾಲಕ ಮಿತ್ರರೇ, ಯಾರ ಆದೇಶಕ್ಕೂ ಕಾಯದೆ ಪಕ್ಕದ ಪಂಚಾಯಿತಿಯ ಮೇಲ್ವಿಚಾರಕರಿಗೆ ಇಂದೇ ಒಂದು ಫೋನು ಮಾಡಿ, ಮೊದಲ ಪೆಟ್ಟಿಗೆಯನ್ನು ಈ ತಿಂಗಳೇ ಕಳಿಸಿ.